ಶಂಕ್ರೆಪ್ಪ ಸಾಲಿಯಲ್ಲಿ ಬರೆಸಿದ ಧರ್ಮ

ಮನುಷ್ಯನ ಮೈಯೊಳಗೆ ಏನೇನು ಎಲ್ಲೆಲ್ಲಿದೆ ಎಂಬುದು ಶಂಕ್ರೆಪ್ಪನಿಗೆ ತನ್ನ ಮನೆಯ ಅಡಿಗೆಕೋಣೆಗಿಂತ ಚೆನ್ನಾಗಿ ಗೊತ್ತಿತ್ತು. ಸರಕಾರಿ ದವಾಖಾನೆಯೊಂದರಲ್ಲಿ ಅವನು ಜವಾನ. ಹೆಸರಿಗೆ ಜವಾನ; ಕೆಲಸ ಮಾತ್ರ ಹಿತ್ತಲ ತಗಡಿನ ಕೋಣೆಯಲ್ಲಿ ಹೆಣ ಕೊಯ್ಯುವುದು. ಬಾವಿಗೆ ಬಿದ್ದವರು, ಉರುಲು ಹಾಕಿಕೊಂಡವರು, ಹೊಲದ ಬದುವಿನ ಜಗಳದಲ್ಲಿ ಕೊಡಲಿ ಪೆಟ್ಟು ತಿಂದವರು, ಎಲ್ಲರೂ ಕೊನೆಗೆ ಅವನ ಕೈಗೇ ಬರಬೇಕು. ಕಾಯದೆಯ ಪ್ರಕಾರ ಕೊಯ್ಯಬೇಕಾದವರು ಡಾಕ್ಟರರು. ಆದರೆ ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. “ಏನೈತಿ ನೋಡೋ,” ಎಂದು ಕೇಳುತ್ತಿದ್ದರು. ಇವನು ಒಳಗಿನಿಂದ, “ಪುಪ್ಪುಸದಾಗ ನೀರ ತುಂಬೇತ್ರಿ ಸಾಹೇಬ್ರ, ಜೀವ ಇದ್ದಾಗ ಬಾವಿಗೆ ಬಿದ್ದಾನ್ರಿ,” ಎನ್ನುತ್ತಿದ್ದ. ಅವರು ಬರೆದುಕೊಳ್ಳುತ್ತಿದ್ದರು. ಇದು ಒಂದು ದವಾಖಾನೆಯ ಕಥೆಯಲ್ಲ, ಆ ಕಾಲಕ್ಕೆ ನಾಡಿನ ತುಂಬ ನಡೆಯುತ್ತಿದ್ದುದೇ ಹೀಗೆ. ಕೊಯ್ಯುವ ಕೈ ಒಬ್ಬರದು, ಬರೆಯುವ ಕೈ ಇನ್ನೊಬ್ಬರದು.

ಹದಿನಾರು ವರ್ಷ ಹೀಗೆ ಕೊಯ್ದವನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ತನ್ನ ಮಗಳು ಬರೆಯುವವಳಾಗಬೇಕು. ಮೂಗು ಮುಚ್ಚದೆ ಒಳಗೆ ಬಂದು, ತಾನೇ ಕೊಯ್ದು ತಾನೇ ಬರೆಯುವವಳಾದರೆ ಇನ್ನೂ ಚಲೋ. ಹೆಂಡತಿ ಕೆಂಪವ್ವ ನಗುತ್ತಿದ್ದಳು: “ಸತ್ತವರನ್ನ ನೀವು ನೋಡಕೊಂಡ್ರಿ, ಬದುಕಿದ್ದವರನ್ನ ಮಗಳು ನೋಡಕೊಳ್ಳಲಿ.” ಆ ಮಾತು ಅವನಿಗೆ ಬಹಳ ಹಿಡಿಸಿತ್ತು.

ಮಗಳು ತಂಗೆವ್ವ, ಒಬ್ಬಳೇ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ರಾಮದುರ್ಗದಲ್ಲಿ ಪಿ.ಯು.ಸಿ. ಸಾಯನ್ಸ್ ಪಾಸಾದಳು, ನೂರಕ್ಕೆ ಅರವತ್ತೊಂದು. ಮನೋಳಿಗೂ ರಾಮದುರ್ಗಕ್ಕೂ ನಡುವೆ, ಮಲಪ್ರಭೆಯ ದಂಡೆಯ ಮೇಲಿನ ಆ ಊರ ಕೇರಿಯಿಂದ ಹುಡುಗಿಯೊಬ್ಬಳು ಅಷ್ಟು ಓದಿದ್ದು ಅದೇ ಮೊದಲು. ಅರವತ್ತೊಂದಕ್ಕೆ ಎಲ್ಲರ ಸಾಲಿನಲ್ಲಿ ಮೆಡಿಕಲ್ ಸೀಟು ಸಿಗುವುದಿಲ್ಲ. ಹರಿಜನರಿಗೆಂದು ಕಾದಿಟ್ಟ ಸೀಟಿಗಾದರೆ ಧಾರಾಳ ಸಾಕು ಎಂದರು ಬಲ್ಲವರು. ಅರ್ಜಿ ಹೋಯಿತು. ಹುಬ್ಬಳ್ಳಿಗೆ ಸಂದರ್ಶನಕ್ಕೆ ಬರಬೇಕೆಂದು ಕಾರ್ಡೂ ಬಂತು. ನಡುವೆ ಇಪ್ಪತ್ತೆರಡು ದಿನವಿತ್ತು. ಶಂಕ್ರೆಪ್ಪ ಕಾಗದಪತ್ರಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು, ಎಲ್ಲ ಸರಿ ಇವೆಯೇ ನೋಡಿಸಿಕೊಳ್ಳಲು ಕಾಲೇಜಿನ ಕಾರಕೂನನ ಬಳಿ ಹೋದ.

ಕಾರಕೂನ ಒಳ್ಳೆಯ ಮನುಷ್ಯ. ಸಾಲಿ ಬಿಟ್ಟ ದಾಖಲೆಯನ್ನು ಎರಡು ಸಲ ಓದಿದ. ಕನ್ನಡಕ ತೆಗೆದ.

“ಶಂಕ್ರೆಪ್ಪಾ, ಇದರಾಗ ಧರ್ಮದ ಕಾಲಮ್ಮಿನ್ಯಾಗ ಬೌದ್ಧ ಅಂತ ಐತಲ್ಲೋ.”

“ಹೌದ್ರಿ. ನಾವು ಬೌದ್ಧರ ಅದೇವ್ರಿ.”

“ಹಂಗಾದ್ರ ಆ ಸೀಟು ನಿಮಗ ಬರಂಗಿಲ್ಲ. ಕಾಯದೇದಾಗ ಅದು ಹಿಂದೂ ಹರಿಜನರಿಗಷ್ಟ ಐತಿ. ಬೌದ್ಧರಾದವರಿಗೆ ಇಲ್ಲ.”

ಶಂಕ್ರೆಪ್ಪನಿಗೆ ಮೊದಲು ತಿಳಿಯಲೇ ಇಲ್ಲ. “ಸಾಹೇಬ್ರ, ನಾವು ಅವರ ಅಲ್ಲೇನ್ರಿ? ಊರಾಗ ನಮಗ ನೀರ ಹಾಕೂ ಮುಂದ ಯಾರೂ ಬೌದ್ಧ ಅನ್ನಂಗಿಲ್ರಿ, ಎತ್ತರದಿಂದನ ಹಾಕತಾರ್ರಿ.”

“ನೀರಿನ ಮಾತ ಬ್ಯಾರೆ, ಕಾಗದದ ಮಾತ ಬ್ಯಾರೆ,” ಎಂದ ಕಾರಕೂನ.

ಆ ಒಂದು ಶಬ್ದವನ್ನು ಬರೆಸಿದವನು ಸ್ವತಃ ಶಂಕ್ರೆಪ್ಪನೇ. ಐವತ್ತೇಳರಲ್ಲಿ ಕೇರಿಯ ಇಪ್ಪತ್ತು ಮನೆಗಳು ಒಟ್ಟಾಗಿ ಬೌದ್ಧ ದೀಕ್ಷೆ ತಗೊಂಡವು. ಸತ್ತ ದನ ಹೊರುವುದನ್ನು ಬಿಟ್ಟವು. ಊರಲ್ಲಿ ಯಾರಾದರೂ ಸತ್ತರೆ ಗೆಜ್ಜೆ ಕಟ್ಟಿದ ಕೋಲು ಹಿಡಿದು, ಬರಿಗಾಲಲ್ಲಿ ನಡೆದು, ಪರವೂರಿನ ಬೀಗರಿಗೆ ಸಾವಿನ ಸುದ್ದಿ ಮುಟ್ಟಿಸುವ ಚಾಕರಿಯೂ ಕೇರಿಯದೇ ಆಗಿತ್ತು. ಆ ಕೋಲನ್ನೂ ಚಾವಡಿಯಲ್ಲಿಟ್ಟು ಬಂದವು. ದೇವರುಗಳನ್ನು ಹೊಳೆಗೆ ಬಿಟ್ಟವು. ಐದು ವರ್ಷದ ಮೇಲೆ ತಂಗೆವ್ವನನ್ನು ಸಾಲಿಗೆ ಹಾಕಲು ಹೋದಾಗ ಮಾಸ್ತರರು ಲೇಖನಿ ಎತ್ತಿ ಹಿಡಿದು ಹೇಳಿದ್ದರು: “ಶಂಕ್ರೆಪ್ಪಾ, ಇನ್ನೊಮ್ಮೆ ವಿಚಾರ ಮಾಡು. ಮುಂದ ಸವಲತ್ತಿಗೆ ತೊಂದರಿ ಆದೀತು.” ಇವನು ಎದೆ ಸೆಟೆಸಿ, “ಬರೀರಿ ಮಾಸ್ತರ, ಬೌದ್ಧ ಅಂತ ಬರೀರಿ. ನನ್ನ ಮಗಳ ಹಣಿಗೆ ಆ ಹಳೇದು ಹತ್ತೂದು ಬ್ಯಾಡ,” ಎಂದಿದ್ದ. ಮಸಿ ಒಣಗುವ ತನಕ ನಿಂತು ನೋಡಿದ್ದ. ಕೇರಿಯಲ್ಲಿ ಸಕ್ಕರೆ ಹಂಚಿದ್ದ. ಮಾನವಂತನ ಕೆಲಸವೇ ಅದು, ಅದರಲ್ಲಿ ತಪ್ಪು ಹುಡುಕುವವನ ಬಾಯಿಗೆ ಮಣ್ಣು ಹಾಕಬೇಕು. ಆದರೆ ಕಾಯದೆಗೆ ಮಾನವಂತರ ಗುರುತು ಸಿಗುವುದಿಲ್ಲ. ಹನ್ನೆರಡು ವರ್ಷದ ಮೇಲೆ ಆ ಶಬ್ದ ಮಗಳ ಕಾಲಿಗೇ ತೊಡರಿತು.

ಕಾರಕೂನ ದಾರಿ ಹೇಳಿದ. ಊರ ಲೆಕ್ಕಪತ್ರ ನೋಡುವ ತಲಾಠಿ ಮನೆಗೆ ಬಂದು ಚೌಕಶಿ ಮಾಡಬೇಕು. ಈ ಮನೆತನ ಹಿಂದೂ ರೀತಿಯಲ್ಲೇ ನಡೆಯುತ್ತಿದೆ ಎಂದು ಊರ ಐದು ಮಂದಿ ಪಂಚರು ಸಹಿ ಮಾಡಬೇಕು. ಆಮೇಲೆ ಸಾಲಿಯಲ್ಲಿ ತಿದ್ದಿ ಕೊಡುತ್ತಾರೆ, ಮೇಲಿನವರು ಜಾತಿಯ ದಾಖಲೆ ಕೊಡುತ್ತಾರೆ. “ಅಲ್ಲಿಗೂ ಮುಗೀಲಿಲ್ಲ ನೋಡು. ತಿದ್ದಿದ ಕಾಗದ ಕಂಡ್ರ ಸಂದರ್ಶನದಾಗ ಕೆದಕತಾರ. ಹೋದ ವರ್ಷ ಬೈಲಹೊಂಗಲ ಕಡೀ ಹುಡುಗ ಒಬ್ಬಾಂವಗ ನಿಮ್ಮ ಮನೀದೇವರು ಯಾರು ಅಂತ ಕೇಳಿದ್ರಂತ. ಅಂವ ಗ್ವಾಡಿ ನೋಡಿದ. ಹೊರಗ ಕಳಿಸಿದ್ರು. ಮಗಳನ್ನ ಚಲೋತಂಗ ತಯಾರ ಮಾಡು.”

ಮನೆಗೆ ಬಂದು ಶಂಕ್ರೆಪ್ಪ ಈ ಮಾತು ಹೇಳಿದಾಗ ಕೆಂಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಂಗೆವ್ವ ಪುಸ್ತಕ ಮುಚ್ಚಿದಳು. ಮನೆಯಲ್ಲಿ ಖುಷಿಯಾದದ್ದು ಒಂದೇ ಜೀವಕ್ಕೆ, ಶಂಕ್ರೆಪ್ಪನ ತಾಯಿ ತಾಯವ್ವನಿಗೆ. ಮುದುಕಿ ಎದ್ದವಳೇ ಜೋಳದ ಗಡಿಗೆಗೆ ಮೊಳಕೈ ತನಕ ಕೈ ಹಾಕಿ, ಬಟ್ಟೆಯ ಗಂಟೊಂದನ್ನು ಎಳೆದಳು. ಗಂಟಿನಲ್ಲಿ ಯಲ್ಲಮ್ಮನ ಹಿತ್ತಾಳೆ ಮುಖ.

“ಯವ್ವಾ, ಇದನ್ನ ನಾ ಹೊಳಿಗೆ ಬಿಟ್ಟಿದ್ನೆಲ್ಲಾ?”

“ನೀ ಬಿಟ್ಟಿದ್ದು ಬರೇ ಬುಟ್ಟಿ,” ಎಂದಳು ತಾಯವ್ವ. “ತಾಯೀನ ನಾ ಮೊದಲ ತಗದಿದ್ದೆ. ಹದಿನೇಳ ವರ್ಷ ಆಕಿ ಕಾಯ್ದ ಜೋಳಾನ ಉಂಡೀ ನೀ. ಅದಕ್ಕ ಬದುಕೀ.”

ಬೇರೆ ದಿನವಾಗಿದ್ದರೆ ಅವನು ಮನೆ ಮೇಲೆ ಕೆಳಗೆ ಮಾಡುತ್ತಿದ್ದ. ಅವತ್ತು ಸುಮ್ಮನೆ ಗೋಡೆಗೊಂದು ಹಲಗೆ ಬಡಿದು ದೇವರ ಜಗಲಿ ಮಾಡಿದ.

ನಾಲ್ಕು ದಿನ ಬಿಟ್ಟು ತಲಾಠಿ ಬಂದ. ಜಗಲಿ ನೋಡಿದ, ಮೂಗಿಗೆ ಬೆರಳಿಟ್ಟುಕೊಂಡು ಮೇಲಿನ ಗೋಡೆ ನೋಡಿದ. “ಶಂಕ್ರೆಪ್ಪಾ, ದೇವರ ಮುಂದ ದಿನಾ ದೀಪ ಹಚ್ಚೂ ಮನ್ಯಾಗ ಗ್ವಾಡಿ ಇಷ್ಟ ಬೆಳ್ಳಗ ಇರತೇತೇನೋ? ನನ್ನ ಮ್ಯಾಲ ಸಾಹೇಬ್ರು ಅದಾರ. ಅವರು ಬಂದು ನೋಡಿದ್ರ ನನ್ನ ನೌಕರಿ ಹೋಗತೇತಿ. ಗ್ವಾಡಿ ಕರ್ರಗ ಆಗಲಿ, ಮುಂದಿನ ವಾರ ಬರತೇನಿ. ಆ ಬುದ್ಧನ ಫೋಟೋ ತಗೀರಿ. ಬಾಬಾಸಾಹೇಬರದು ಇರಲಿ, ಅದು ಎಲ್ಲಾ ಕೇರ್ಯಾಗೂ ಇರತೇತಿ.”

ಅಲ್ಲಿಂದ ವಾರವಿಡೀ ಆ ಮನೆಯಲ್ಲಿ ಔಡಲೆಣ್ಣೆಯ ದೀಪ ಹೊಗೆಯಾಡಿತು. ಬತ್ತಿ ದಪ್ಪ ಮಾಡಿದರು. ಕೆಂಪವ್ವ ಕೆಮ್ಮುತ್ತ ಎಣ್ಣೆ ಹಾಕುತ್ತಿದ್ದಳು, ಶಂಕ್ರೆಪ್ಪ ದವಾಖಾನೆಯಿಂದ ಬಂದವನೇ ಮೊದಲು ಗೋಡೆ ನೋಡುತ್ತಿದ್ದ. ಹದಿನೇಳು ವರ್ಷದ ಭಕ್ತಿಯ ಮಸಿ ಏಳು ದಿನದಲ್ಲಿ ಹತ್ತಬೇಕಿತ್ತು. ಹತ್ತಿತು. ಪುಣ್ಯಕ್ಕೆ ಮಸಿ ಯಾರ ಧರ್ಮವನ್ನೂ ಕೇಳುವುದಿಲ್ಲ.

ತಂಗೆವ್ವನ ತಯಾರಿ ಸಂಜೆ ನಡೆಯುತ್ತಿತ್ತು. ಶಂಕ್ರೆಪ್ಪ ಡಬ್ಬಿಯೊಂದನ್ನು ಬೋರಲು ಹಾಕಿ ಸಾಹೇಬನಂತೆ ಕೂರುತ್ತಿದ್ದ, ಮಗಳು ಎದುರು ನಿಲ್ಲುತ್ತಿದ್ದಳು. ಮೊದಲರ್ಧ ಚೆಂದ ಸಾಗುತ್ತಿತ್ತು.

“ಮೈಯಾಗ ಎಲುಬು ಎಷ್ಟು?”

“ಎರಡನೂರಾ ಆರು.”

“ಲಿವರ್ ಎಷ್ಟ ತೂಕ?”

“ದೀಡ ಕಿಲೋ.”

“ಕುಡುಕಂದಾದ್ರ?”

“ಅದು ಪುಸ್ತಕದಾಗ ಇಲ್ಲಪ್ಪಾ.”

“ಪುಸ್ತಕದಾಗ ಇಲ್ಲಂದ್ರ ಕೈಯಾಗ ಐತಿ, ಕೇಳಿಲ್ಲೆ. ಗಟ್ಟಿ ಇರತೇತಿ, ಮ್ಯಾಲ ಗಂಟ ಗಂಟ ಆಗಿರತೇತಿ. ಚಾಕು ಜಾರತೇತಿ.” ಹೀಗೆ ಹೇಳುವಾಗ ಅವನ ಮುಖದಲ್ಲಿ ಬೆಳಕು ಬರುತ್ತಿತ್ತು. ಹದಿನಾರು ವರ್ಷದ ಹೇಸಿಗೆಯ ದುಡಿಮೆಯಲ್ಲಿ ಅವನು ಕಲಿತದ್ದಕ್ಕೆ ಕೇಳುವ ಕಿವಿ ಸಿಕ್ಕಿದ್ದೇ ಆ ಸಂಜೆಗಳಲ್ಲಿ.

ಎರಡನೆಯ ಅರ್ಧ ತಾಯವ್ವನದು. ಶಂಕ್ರೆಪ್ಪ ಡಬ್ಬಿ ಬಿಟ್ಟು ಎದ್ದು ಬಾಗಿಲಲ್ಲಿ ಕೂರುತ್ತಿದ್ದ. ಮುದುಕಿ ಹೇಳಿಕೊಡುತ್ತಿದ್ದಳು: ಮನೆದೇವರು ಯಲ್ಲಮ್ಮ, ವಾರ ಮಂಗಳವಾರ, ಗುಡ್ಡಕ್ಕೆ ಹೋಗುವುದು ಹುಣ್ಣಿಮೆಗೆ, ಭಂಡಾರ ಹಣೆಗೆ ಹೀಗೆ ಹಚ್ಚಬೇಕು, ಉಧೋ ಎನ್ನುವಾಗ ಕೈ ಹೀಗೆ ಎತ್ತಬೇಕು. ಹುಟ್ಟಿದಾಗಿನಿಂದ ಬುದ್ಧವಂದನೆ ಬಿಟ್ಟು ಬೇರೆ ಕೇಳದ ಹುಡುಗಿ ಮೊದಮೊದಲು ನಕ್ಕಳು. ಆಮೇಲೆ ಬಾಯಿಪಾಠ ಮಾಡಿದಳು. ಒಂದು ಸಂಜೆ ನಡುವೆಯೇ ನಿಲ್ಲಿಸಿ ಕೇಳಿದಳು:

“ಅಪ್ಪಾ, ಸುಳ್ಳ ಹೇಳಬಾರದು ಅಂತ ಪಂಚಶೀಲದಾಗ ಐತೆಲ್ಲಾ? ನೀನ ಕಲಿಸಿದಿ.”

ಶಂಕ್ರೆಪ್ಪ ಹೊರಗಡೆ ನೋಡುತ್ತ ಕುಳಿತಿದ್ದ. ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. “ಪಾಪ ನನಗ ಹತ್ತಲಿ. ನೀ ಪಾಠ ಮಾಡು,” ಎಂದ.

ತಲಾಠಿ ಮತ್ತೆ ಬಂದು, ಕಪ್ಪಾದ ಗೋಡೆ ನೋಡಿ ಒಪ್ಪಿದ. ಇನ್ನು ಪಂಚರ ಸಹಿ. ನಾಲ್ವರು ಒಂದೇ ಮಾತು ಹೇಳಿದರು: “ಗೌಡ್ರು ಮಾಡಿದ್ರ ನಾವೂ ಮಾಡತೇವಿ.” ಗೌಡರ ಮನೆಗೆ ಹೋದ. ಗೌಡ ಬೈಯಲಿಲ್ಲ, ಕೂಗಾಡಲಿಲ್ಲ. ಅಡಿಕೆ ಕತ್ತರಿಸುತ್ತ, ಅಂಗಳದಲ್ಲಿ ನಿಂತವನ ಮಾತನ್ನು ಪೂರ್ತಿ ಕೇಳಿದ.

“ಮಗಳು ಡಾಕ್ಟರ್ ಆದ್ರ ನಮ್ಮ ಊರಿಗೂ ಹೆಸರ ಬಂತಲ್ಲೋ. ಮಾಡತೇನಿ ಸಹಿ. ಆದ್ರ ನಾ ಸುಳ್ಳಿಗೆ ಸಹಿ ಮಾಡಿದಾಂವ ಅಲ್ಲ, ಶಂಕ್ರ್ಯಾ. ಹಿಂದೂ ರೀತಿಯಿಂದ ನಡೀತಾರ ಅಂತ ಬರದೇತಿ. ಹಿಂದೂ ರೀತಿ ಅಂದ್ರೇನು? ಯಾರ್ಯಾರ ಚಾಕರಿ ಅವರವರು ಮಾಡೂದು. ಬಡಿಗ್ಯಾ ಮಾಡತಾನ, ಕುಂಬಾರ ಮಾಡತಾನ. ನೀ?”

“ಗೌಡ್ರ, ನಾ ಸರಕಾರಿ ನೌಕರ ಅದೇನ್ರಿ…”

“ನೌಕರಿ ಮಾಡಪಾ, ಯಾರು ಬ್ಯಾಡಂದ್ರು? ನಾ ಸತ್ತ ದನಾ ಹೊರು ಅನ್ನಂಗಿಲ್ಲ. ಊರಾಗ ಸಾವಾದ್ರ ಸುದ್ದಿ ಒಯ್ದು ಮುಟ್ಟಸು, ಅಷ್ಟ. ಕೋಲು ಚಾವಡ್ಯಾಗ ಹಂಗ ಐತಿ. ಹದಿನೇಳ ವರ್ಷ ಯಾರೂ ಮುಟ್ಟಿಲ್ಲ.”

ಶಂಕ್ರೆಪ್ಪ ಅಂಗಳದಲ್ಲಿ ಬಹಳ ಹೊತ್ತು ನಿಂತ. ಗೌಡ ಅವಸರ ಮಾಡಲಿಲ್ಲ. ಹುಣಸೆ ಮರದ ನೆರಳು ಅಂಗಳದಿಂದ ಕಟ್ಟೆಗೆ ಏರುವ ತನಕ ನಿಂತಿದ್ದು, ಆಮೇಲೆ ಶಂಕ್ರೆಪ್ಪ ಚಾವಡಿಗೆ ಹೋಗಿ ಕೋಲು ತಂದ. ಆ ಸಂಜೆಯೇ ಐದೂ ಸಹಿ ಬಿದ್ದವು.

ಕೋಲನ್ನು ಹಿತ್ತಲ ಕಟ್ಟಿಗೆಯ ಒಟ್ಟಿಲ ಹಿಂದೆ ಇಟ್ಟ. ಕೆಂಪವ್ವ ನೋಡಿಬಿಟ್ಟಳು. ಅವಳು ಅಳಲಿಲ್ಲ. “ಮಗಳಿಗೆ ಹೇಳಬ್ಯಾಡ್ರಿ. ಹೇಳಿದ್ರ ಆಕಿ ಹುಬ್ಬಳ್ಳಿಗೆ ಹೋಗಂಗಿಲ್ಲ,” ಎಂದಳು. ಆದರೆ ಕೇರಿಯಲ್ಲಿ ಮುಚ್ಚಿಡುವ ಮಾತೇ ಅದು? ಮರುದಿನ ಅದೇ ಕೇರಿಯ ಗೆಳೆಯ ಬಾಳು ದಾರಿಯಲ್ಲಿ ಅಡ್ಡ ನಿಂತ. ಐವತ್ತೇಳರಲ್ಲಿ ಇಬ್ಬರೂ ಒಂದೇ ದಿನ ಬಿಳಿ ಅಂಗಿ ತೊಟ್ಟು ದೀಕ್ಷೆ ತಗೊಂಡವರು.

“ನಿನ್ನ ಮಗಳು ಡಾಕ್ಟರ್ ಆಗಲಿ, ನನಗೇನ ಹೊಟ್ಟಿಕಿಚ್ಚಿಲ್ಲ,” ಎಂದ ಬಾಳು. “ನಾಳಿಗೆ ಗೌಡ ನಮ್ಮ ಮನೀಗೂ ಬರತಾನ. ಶಂಕ್ರೆಪ್ಪ ಕೋಲ ಹಿಡದಾನ, ನಿಮಗೇನ ಧಾಡಿ ಅಂತಾನ. ನಾ ಏನ ಹೇಳ್ಲಿ? ಅದನ್ನಷ್ಟ ಹೇಳಿ ಹೋಗು.”

ಬಾಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವತ್ತಿನಿಂದ ಕೇರಿಯ ಕಟ್ಟೆಯಲ್ಲಿ ಶಂಕ್ರೆಪ್ಪ ಬಂದು ಕೂತರೆ ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ಅವನೂ ಹೋಗುವುದನ್ನು ಬಿಟ್ಟ.

ಸಂದರ್ಶನದ ದಿನ ಬಂತು. ಕರೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ. ಮುಂಜಾನೆಯ ಬಸ್ಸು ಹಿಡಿದರೆ ಸಾಕು. ಶಂಕ್ರೆಪ್ಪ ಒಗೆದ ಧೋತರ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೊಸ ಚಪ್ಪಲಿ ಮೆಟ್ಟಿ, ಕಾಗದದ ಚೀಲವನ್ನು ಎದೆಗವಚಿಕೊಂಡು ಬಸ್ಸಿನ ದಾರಿಗೆ ಬಂದು ನಿಂತಿದ್ದ. ತಂಗೆವ್ವ ತುಟಿ ಅಲುಗಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು, ಎಲುಬು ಯಾವುದು ದೇವರು ಯಾವುದು ಎಂದು ತಿಳಿಯದಂತೆ ಎರಡನ್ನೂ ಕಲಸಿ. ಕೆಂಪವ್ವ ಕಳಿಸಲು ಬಂದವಳು, ಉಟ್ಟ ಸೀರೆಯಲ್ಲೇ ಬಂದಿದ್ದಳು. ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಆ ಧೂಳಿಗಿಂತ ಮುಂಚೆ ಗೌಡರ ಆಳು ಮಾಳಪ್ಪ ಓಡುತ್ತ ಬಂದ.

“ಶಂಕ್ರೆಪ್ಪಾ, ಗೌಡ್ರ ಅವ್ವ ದೊಡ್ಡ ಗೌಡಶಾನಿ ಹ್ವಾದ್ರು. ಈಗ, ನಸಿಕಿನ್ಯಾಗ. ಮನೋಳಿಗೆ ಹೆಣ್ಣಮಕ್ಕಳಿಗೆ ತಿಳಸಬೇಕು, ಅಲ್ಲಿಂದ ಚಚಡಿಗೆ ಅವರ ತವರಮನೀಗೆ. ಮಣ್ಣು ನಾಳಿ ಮುಂಜಾನೆ. ಗೌಡ್ರು ನಿನ್ನ ಕರದಾರ.”

“ಮಾಳಪ್ಪಾ, ಇವತ್ತ ಮಗಳದು… ನಾಳಿ ನಾ ಏನ ಹೇಳಿದ್ರೂ ಮಾಡತೇನಿ.”

ಮಾಳಪ್ಪ ತಲೆ ತಗ್ಗಿಸಿದ. ಅವನೂ ಬಡವನೇ. “ನಾ ಅದನ್ನ ಹೇಳೀನಪಾ. ಅದಕ್ಕ ಗೌಡ್ರು, ಸಹಿಯ ಮಸಿ ಇನ್ನಾ ಹಸೀ ಐತಿ ಅಂತ ಹೇಳು ಅಂದ್ರು.”

“ಏನ ಸುದ್ದಿ? ಯಾಕ ನೀ ಒಯ್ಯಬೇಕು?” ಎಂದಳು ತಂಗೆವ್ವ. ಅಪ್ಪ ಬಗ್ಗಿ ಚಪ್ಪಲಿ ಬಿಚ್ಚುವುದನ್ನು ನೋಡಿದಾಗ ಅವಳಿಗೆ ತಾನಾಗಿಯೇ ತಿಳಿಯಿತು. ಸಾವಿನ ಸುದ್ದಿ ಒಯ್ಯುವವನು ಗಾಡಿ ಹತ್ತುವಂತಿಲ್ಲ, ಕಾಲಿಗೆ ಮೆಟ್ಟುವಂತಿಲ್ಲ. ಆ ಕೇರಿಯ ಮಕ್ಕಳು ಇದನ್ನು ಮುಗಿದುಹೋದ ಕಾಲದ ಕಥೆಯೆಂದು ಕೇಳಿ ಬೆಳೆದಿದ್ದವು.

ಬಸ್ಸು ನಿಂತಿತು. ಶಂಕ್ರೆಪ್ಪ ಚೀಲವನ್ನು ಮಗಳ ಕೈಗೆ ತುರುಕಿ, ಹೆಂಡತಿಯನ್ನು ಬಸ್ಸಿಗೆ ನೂಕಿದ. “ನೀ ಹೋಗು ಆಕಿ ಜೋಡಿ. ಏ ತಂಗೀ, ಮಂಗಳವಾರ, ಮರೀಬ್ಯಾಡ. ಮಂಗಳವಾರ!” ಕೆಂಪವ್ವ ಸವದತ್ತಿಯಿಂದ ಆಚೆಗೆ ಎಂದೂ ಹೋದವಳಲ್ಲ.

ಅವನು ನಡೆದ. ಮನೋಳಿ ಎರಡು ಹರದಾರಿ, ಅಲ್ಲಿಂದ ಚಚಡಿ ಐದು. ಆಷಾಢದ ಗಾಳಿ ಎದುರಿಗೆ ಬೀಸುತ್ತಿತ್ತು, ಎರೆಮಣ್ಣು ಅಂಗಾಲಿಗೆ ಹತ್ತಿ ಕಲ್ಲಾಗುತ್ತಿತ್ತು. ಹೆಜ್ಜೆಗೊಮ್ಮೆ ಕೋಲಿನ ಗೆಜ್ಜೆ. ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಸಾವಿನ ಕೋಲು ಹಿಡಿದು ಬರುವುದನ್ನು ಕಂಡು ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಮನೋಳಿಯಲ್ಲಿ ಅಂಗಳದಂಚಿಗೆ ನಿಂತು ಕೂಗಿದ. ಕೂಗು ಹೇಗಿರಬೇಕೆಂದು ಅವನಿಗೆ ನೆನಪಿತ್ತು, ಅಪ್ಪನ ಬೆನ್ನಿಗೆ ಹೋಗಿ ಕೇಳಿದ್ದು. ಹೆಂಗಸರು ಎದೆ ಬಡಿದುಕೊಂಡರು. ಯಾರೋ ಬೊಗಸೆಗೆ ನೀರು ಹೊಯ್ದರು, ಮೇಲಿನಿಂದ. ಎರಡು ಗಂಟೆಯಾಗಿರಬಹುದು ಎನಿಸಿದಾಗ ಅವನು ದಾರಿಯ ನಡುವೆ ನಿಂತು, ಒಬ್ಬನೇ, ಗಟ್ಟಿಯಾಗಿ ಹೇಳಿದ: “ಎರಡನೂರಾ ಆರು. ದೀಡ ಕಿಲೋ. ಮಂಗಳವಾರ.” ಹಾಗೆ ಹೇಳಿದರೆ ಹುಬ್ಬಳ್ಳಿಯಲ್ಲಿ ಮಗಳಿಗೆ ನೆನಪಾದೀತು ಎಂಬಂತೆ. ದಿನ ಮುಳುಗುವ ಹೊತ್ತಿಗೆ ಚಚಡಿಯ ವಾಡೆಯ ಹಿಂದಿನ ಓಣಿ ಮುಟ್ಟಿದ.

ಮರುದಿನ ಮಧ್ಯಾಹ್ನ ಅವನು ಮನೆಗೆ ಬಂದಾಗ ತಾಯಿ ಮಗಳು ಅವನಿಗಿಂತ ಮೊದಲೇ ಬಂದಿದ್ದರು. ಕಾಲು ಬಾತು ಹೊಸ್ತಿಲು ದಾಟಲು ಆಗದೆ ಅಲ್ಲೇ ಕೂತ. ತಂಗೆವ್ವ ಬಿಸಿನೀರು ತಂದು ಅವನ ಕಾಲು ತೊಳೆಯತೊಡಗಿದಳು.

“ಏನ ಕೇಳಿದ್ರು? ಎಲುಬು ಕೇಳಿದ್ರೇನು?”

“ಇಲ್ಲ.”

“ಮತ್ತ? ದೇವರು?”

ಅವಳು ತಲೆಯೆತ್ತದೆ ಹೇಳಿದಳು. ಮೂವರಿದ್ದರಂತೆ. ನಡುವೆ ಕೂತವನು ತಿದ್ದಿದ ದಾಖಲೆಯನ್ನು ಬೆಳಕಿಗೆ ಹಿಡಿದನಂತೆ. ‘ಇಲ್ಲಿ ಮೊದಲು ಬೌದ್ಧ ಅಂತ ಇತ್ತು, ಈಗ ಹಿಂದೂ ಅಂತಿದೆ. ಸೀಟಿಗಾಗಿ ಮಾಡಿಸಿದ್ದಾ? ನಿಮ್ಮ ಮನೆದೇವರು ಯಾರಮ್ಮಾ?’ ಎಂದನಂತೆ. “ನನ್ನ ಬಾಯಿ ಕಟ್ಟಿತಪ್ಪಾ. ಅಜ್ಜಿ ಕಲಿಸಿದ್ದು ಒಂದೂ ಬರಲಿಲ್ಲ. ಗ್ವಾಡಿ ನೋಡಿದೆ. ನಿಮ್ಮ ತಂದೆ ಬಂದಿದ್ದಾರಾ, ಅವರನ್ನೇ ಕರೀರಿ ಅಂದ್ರು. ಬಂದಿಲ್ಲ ಅಂದೆ. ಮಗಳ ಇಂಟರ್‌ವ್ಯೂ ದಿನ ಯಾಕೆ ಬಂದಿಲ್ಲ ಅಂತ ಕೇಳಿದ್ರು.”

“ನೀ ಏನಂದಿ?”

“ಇದ್ದದ್ದ ಹೇಳಿದೆ. ಗೌಡರ ತಾಯಿ ಸತ್ತಾಳ, ಗೆಜ್ಜೀಕೋಲ ಹಿಡಕೊಂಡು ಬರಿಗಾಲಿಲೆ ಸುದ್ದಿ ಮುಟ್ಟಸಾಕ ಹೋಗ್ಯಾನ ಅಂದೆ.” ಅವಳ ಕೈ ನಿಂತಿತು. “ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಆಮ್ಯಾಲ ನಡುವಿನಾಂವ, ಹಾಗಾದ್ರೆ ಸಂಶಯವೇ ಇಲ್ಲ ಅಂತ ನಕ್ಕು ಗುರ್ತು ಹಾಕಿದ. ಹೋಗಮ್ಮಾ ಅಂದ. ಅಷ್ಟ. ಬ್ಯಾರೆ ಏನೂ ಕೇಳಲಿಲ್ಲ.”

ಏಳು ದಿನದ ಹೊಗೆ, ಮುದುಕಿಯ ಪಾಠ, ಡಬ್ಬಿಯ ಮೇಲಿನ ಸಾಹೇಬ, ಯಾವುದೂ ಬೇಕಾಗಲಿಲ್ಲ. ಅವನ ಬರಿಗಾಲೊಂದೇ ಸಾಕಾಯಿತು. ಶಂಕ್ರೆಪ್ಪ ತನ್ನ ಬಾತ ಕಾಲನ್ನೇ ನೋಡಿದ. ಮಗಳು ಪುಸ್ತಕ ಓದಿ ತಯಾರಾದಳು ಎಂದುಕೊಂಡಿದ್ದ. ಅಲ್ಲಿ ಪಾಸಾದದ್ದು ಅವನ ಅಪ್ಪನ, ಅಜ್ಜನ ಚಾಕರಿ.

ಮೂರು ವಾರಕ್ಕೆ ಸೀಟು ಸಿಕ್ಕಿದ ಕಾಗದ ಬಂತು. ಅವತ್ತೇ ಶಂಕ್ರೆಪ್ಪ ಕೋಲು ತಗೊಂಡು ಗೌಡರ ಅಂಗಳಕ್ಕೆ ಹೋಗಿ, ಕಟ್ಟೆಗೆ ಆನಿಸಿಟ್ಟ. “ನಿಮ್ಮ ಉಪಕಾರ ಆತ್ರಿ ಗೌಡ್ರ. ಕೋಲು ತಂದೇನ್ರಿ.”

“ಮನ್ಯಾಗ ಇಟಗೋ, ಬೇಕಾಗತೇತಿ,” ಎಂದ ಗೌಡ, ನಗುತ್ತಲೇ. “ಹಿಂದೂ ಅಂತ ಬರಕೊಟ್ಟ ಕೈ ನಂದು. ಇಂವ ಮತ್ತ ಬೌದ್ಧ ಆದ ಅಂತ ಒಂದು ಕಾರ್ಡು ಹಾಕಿದ್ರ ಹುಬ್ಬಳ್ಳಿಗೆ ಎಷ್ಟ ದಿನಾ ಬೇಕು? ಹುಡುಗಿ ಕಲೀಲಿ. ಕಲತು ಮುಗೀಲಿ, ಆಮ್ಯಾಲ ನೋಡೂಣು.”

ಅವನು ಕೋಲು ಎತ್ತಿಕೊಂಡು ಬಂದ. ಮನೆಯಲ್ಲಿ ಹೇಳಲಿಲ್ಲ. ಕೆಂಪವ್ವ ಕೋಲು ತಿರುಗಿ ಬಂದದ್ದನ್ನು ನೋಡಿದಳು, ಸಾಕಾಯಿತು.

ಶ್ರಾವಣದಲ್ಲಿ ಮಗಳನ್ನು ಹುಬ್ಬಳ್ಳಿಗೆ ಬಿಡಲು ಹೋದ. ಹೊರಡುವ ಹಿಂದಿನ ವಾರ ಊರಲ್ಲಿ ಇನ್ನೊಂದು ಸಾವಾಗಿತ್ತು, ಒಂದು ದಿನ ಸವದತ್ತಿಯ ಹಾದಿ ತುಳಿದು ಬಂದಿದ್ದ. ಹಿಮ್ಮಡಿ ಒಡೆದು ಕುಂಟುತ್ತಿದ್ದ. ತಲೆಯ ಮೇಲಿನ ಟ್ರಂಕನ್ನು ಹಾಸ್ಟೆಲ್ಲಿನ ಬಾಗಿಲಲ್ಲಿ ಇಳಿಸಿದ. ಬಿಳಿ ಕೋಟು ತೋಳಿಗೆ ಹಾಕಿಕೊಂಡ ಹುಡುಗಿಯರು ನಗುತ್ತ ಒಳಗೆ ಹೊರಗೆ ಓಡಾಡುತ್ತಿದ್ದರು. ಅವರನ್ನು ನೋಡಿ ಅವನಿಗೆ ಹೊಟ್ಟೆ ತುಂಬಿದಂತಾಯಿತು. ಇನ್ನು ಮೇಲೆ ಇವಳೂ ಹೀಗೆ ಓಡಾಡುತ್ತಾಳೆ.

ತಂಗೆವ್ವ ಆ ಹುಡುಗಿಯರನ್ನು ನೋಡುತ್ತಿರಲಿಲ್ಲ. ಅವನ ಹಿಮ್ಮಡಿ ನೋಡುತ್ತಿದ್ದಳು.

“ಇದು ಎಷ್ಟ ವರ್ಷದ್ದಪ್ಪಾ, ಈ ಓದು?”

ಅವಳಿಗೆ ಗೊತ್ತಿಲ್ಲದ್ದೇನಲ್ಲ. “ಐದೂವರಿ,” ಎಂದ.

“ಅಲ್ಲೀ ಮಟಾ ನೀ ಹೋಗಬೇಕೇನು, ಗೌಡ ಕರದಾಗೊಮ್ಮೆ?”

ಇಲ್ಲವೆನ್ನಲು ಬಾಯಿ ತೆರೆದ. ಮಗಳ ಕಣ್ಣು ನೋಡಿ, “ಹೂಂ,” ಎಂದ.

ಅವಳು ಬಹಳ ಮೆಲ್ಲಗೆ ಕೇಳಿದಳು: “ನಾ ನಡುವ ಒಂದ ವರ್ಷ ನಪಾಸ ಆದ್ರ?”

ಚಿಂತೆ ಬೇಡ ಎನ್ನಬಹುದಿತ್ತು. ನಿನ್ನ ಪಾಡಿಗೆ ನೀ ಓದು, ನನ್ನದು ನಾ ನೋಡಿಕೊಳ್ಳುತ್ತೇನೆ ಎನ್ನಬಹುದಿತ್ತು. ಬೇರೆ ಯಾವ ಅಪ್ಪನಾದರೂ ಹಾಗೇ ಅನ್ನುತ್ತಿದ್ದ.

“ನಪಾಸ ಆಗಬ್ಯಾಡ ಮಗಳ,” ಎಂದ ಶಂಕ್ರೆಪ್ಪ. ಗೌಡರ ಅಂಗಳದಲ್ಲಿ ನಿಂತಾಗಲೂ ಅವನು ಅಂಥ ದನಿಯಲ್ಲಿ ಬೇಡಿಕೊಂಡಿರಲಿಲ್ಲ.